ಕಾಡಿನ ನೆತ್ತಿಯ ಬೈತಲೆ

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೆಲ್ಲ ಮುಂದಿನ ಸಾಲಿನ ಕಡೆ ಕತ್ತು ತಿರುಗಿಸುತ್ತೀರಿ. ನೀವು ಮಾಡಿಸಿಕೊಟ್ಟ ಈ ಹೊಸ ಪೀಠ ಎತ್ತರವಾಗಿದೆ ನೋಡಿ, ನನಗೆ ಎಲ್ಲ ಕಾಣುತ್ತದೆ. ಕಂಬದ ಮರೆಯಲ್ಲಿ ಮೊಬೈಲ್ ಉಜ್ಜುತ್ತಿರುವವರೂ ಕಾಣುತ್ತಾರೆ. ಇರಲಿ. ಶ್ರೀಮಂತ ಬಹಳ ಕಾಲ ಬದುಕಿದವನು. ದೇವರ ಕಾಲ, ದೊರೆಗಳ ಕಾಲ, ನಮ್ಮ ಕಾಲ, ಮೂರನ್ನೂ ಕಂಡವನು. ಅಷ್ಟು ಆಯುಸ್ಸು ಎಲ್ಲಿಂದ ಬಂತು ಎಂದು ಕೇಳಬೇಡಿ. ಕಥೆಯಲ್ಲಿ ಆಯುಸ್ಸು ಕೊಡುವವನು ನಾನು.

ಅವನ ಮನೆಯ ಹಿಂದೆ ಗುಡ್ಡ, ಗುಡ್ಡದ ತುಂಬ ಮಳೆಕಾಡು. ನಡುಮಧ್ಯಾಹ್ನವೂ ಬಿಸಿಲು ನೆಲ ಮುಟ್ಟದಂಥ ಕಾಡು. ಅದರೊಳಗೊಂದು ಒರತೆ. ಆ ನೀರು ಹರಿದು ಬಂದು ಇವನ ಹಿತ್ತಲ ಕಲ್ಲುಬಾನಿಗೆ ಬೀಳುತ್ತಿತ್ತು. ಹೆಂಡತಿ ಒಂದು ದಿನವೂ ಕೊಡ ಹೊತ್ತವಳಲ್ಲ. ಕಾಡಿನ ಅಂಚಿಗೆ ಒಂದು ಗಡಿಕಲ್ಲು. ಯಾರೇ ಬರಲಿ, ಕತ್ತಿಯನ್ನು ಆ ಕಲ್ಲಿನ ಹತ್ತಿರ ಇಟ್ಟು ಬರಿಗೈಯಲ್ಲಿ ಒಳಗೆ ಹೋಗಬೇಕು. ಜೇನೋ ಹಣ್ಣೋ, ಬೇಕಾದಷ್ಟು ಮಾತ್ರ ತರಬೇಕು. ಅದು ದೇವರ ನಿಯಮ.

ಶ್ರೀಮಂತನಿಗೆ ಒಂದು ಆಸೆ. ಒಂದೇ ಮರದಲ್ಲಿ ಹೆಬ್ಬಾಗಿಲು ಮಾಡಿಸಬೇಕು. ಮರ ನೋಡಿಟ್ಟಿದ್ದ, ಒರತೆಯ ಪಕ್ಕದ್ದೇ. ಆದರೆ ಗಡಿಕಲ್ಲು ಕಂಡರೆ ಕೈಮುಗಿದು ಹಿಂದಿರುಗುತ್ತಿದ್ದ. ಊಟಕ್ಕೆ ಕರೆದು ಒಪ್ಪಿಸೋಣವೆಂದರೆ, ದೇವರು ಊಟಕ್ಕೆ ಬರುವುದಿಲ್ಲವಲ್ಲ!

ಆಮೇಲೆ ದೊರೆಗಳು ಬಂದರು. ಕಾಡು ದೇವರದಲ್ಲ, ಸರಕಾರದ್ದು ಎಂದರು. ಹಡಗಿಗೆ ಬೇಕು, ರೈಲಿಗೆ ಬೇಕು ಎಂದು ಮರ ಎಣಿಸಿದರು. ಗಾರ್ಡು ಬಂದ, ಅವನ ಕೈಯಲ್ಲೊಂದು ಸುತ್ತಿಗೆ. ಸುತ್ತಿಗೆಯ ಮುದ್ರೆ ಬಿದ್ದ ಮರ ಕಡಿಯಬಹುದು, ಬೀಳದ್ದನ್ನು ಮುಟ್ಟಬಾರದು. ಶ್ರೀಮಂತನಿಗೆ ಹಿಗ್ಗೋ ಹಿಗ್ಗು. ಗಾರ್ಡು ಊಟಕ್ಕೆ ಬರುತ್ತಾನೆ! ಎಲೆಗೆ ಕಡುಬು ಬಿತ್ತು, ಕೋಳಿಸಾರು ಬಿತ್ತು, ಮರುದಿನ ಮರಕ್ಕೆ ಸುತ್ತಿಗೆಯೂ ಬಿತ್ತು.

"ಅದು ಒರತೆ ಪಕ್ಕದ ಮರ ಅಲ್ವೇನ್ರೀ?" ಎಂದಳು ಹೆಂಡತಿ.

"ಕಾನೂನು ಪ್ರಕಾರ ಕಣೇ, ಸುಮ್ನಿರು."

ದೊರೆಗಳು ಹೋದರು, ನಮ್ಮವರೇ ಬಂದರು. ಕಾಡು ಸವೆದದ್ದು ಕಂಡು ಅವರಿಗೂ ಗಾಬರಿ. ಸುತ್ತ ಬೇಲಿ ಹಾಕಿ, ಯಾರೂ ಒಳಗೆ ಕಾಲಿಡಬಾರದು ಎಂದರು. ಜೇನು ಕೀಳುವವರು, ಬೇರು ಕೀಳುವವರು, ಹುಟ್ಟಿದಾಗಿನಿಂದ ಅಲ್ಲೇ ಇದ್ದವರು, ಎಲ್ಲರೂ ಹೊರಗೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಯಾರು? ನಮ್ಮ ಶ್ರೀಮಂತ! ಯಾಕೆ ಹೇಳಿ? ಒಳಗೆ ಯಾರೂ ಇಲ್ಲದಿದ್ದರೆ ನೋಡುವವರೂ ಇಲ್ಲ. ಮನೆಗೆ ಮಹಡಿ ಬಂತು, ಮಹಡಿಗೆ ಮಂಚ ಬಂತು.

"ನಾನು ಬೇಲಿ ದಾಟಿಲ್ಲಪ್ಪ, ಆಳುಗಳು ದಾಟಿರಬಹುದು" ಎನ್ನುತ್ತಿದ್ದ.

ಮತ್ತೆ ನಿಯಮ ಬದಲಾಯಿತು. ಊರವರನ್ನು ಹೊರಗಿಟ್ಟು ಕಾಡು ಉಳಿಯುವುದಿಲ್ಲ, ಊರಿಗೊಂದು ಸಮಿತಿ ಮಾಡಿ ಎಂದರು. ಒಳ್ಳೆಯ ಮಾತೇ. ಅಧ್ಯಕ್ಷ ಯಾರು? ನಗಬೇಡಿ, ನಿಮಗೆ ಗೊತ್ತಾಗಿಬಿಟ್ಟಿದೆ. ಶಾಲು ಹೊದ್ದ, ಭಾಷಣ ಮಾಡಿದ, 'ಕಾಡು ಉಳಿಸಿ' ಎಂದು ದೊಡ್ಡ ಫಲಕ ನಿಲ್ಲಿಸಿದ. ಫಲಕ ಯಾವುದರದ್ದು? ಒಳ್ಳೇ ಗಟ್ಟಿ ಮರದ್ದು!

ಆ ಬೇಸಿಗೆ ಹಿತ್ತಲ ಬಾನಿಗೆ ನೀರು ಬೀಳಲಿಲ್ಲ. ಒರತೆ ಬತ್ತಿತ್ತು. ಶ್ರೀಮಂತ ಕೆಂಡವಾದ. "ಯಾವನೋ ಕಳ್ಳ ಕಾಡು ನುಂಗಿದಾನೆ, ಬಿಡಲ್ಲ ನಾನು!" ಈಗ ಆಕಾಶದಿಂದಲೇ ಕಾಡು ಕಾಯುವ ಕಾಲವಲ್ಲವೇ? ಹಟ ಹಿಡಿದು ಉಪಗ್ರಹದ ಚಿತ್ರ ತರಿಸಿದ. ಸಭೆ ಕರೆದು ತಾನೇ ಗೋಡೆಗೆ ಅಂಟಿಸಿದ.

ಚಿತ್ರದಲ್ಲಿ ಹಸಿರು ಕಾಡು. ನಡುವೆ, ತಲೆಗೆ ಬೈತಲೆ ತೆಗೆದ ಹಾಗೆ, ಒರತೆಯಿಂದ ಕೆಳಗಿನವರೆಗೆ ಒಂದೇ ಬೋಳು ದಾರಿ. "ನೋಡಿ, ಕಳ್ಳ ಮರ ಎಳ್ಕೊಂಡು ಹೋದ ದಾರಿ!" ಎಂದು ಬೆರಳಿಟ್ಟ. ಬೆರಳು ಜಾರಿಸಿಕೊಂಡು ಕೆಳಗೆ ಬಂದ, ಬಂದ, ದಾರಿ ಮುಗಿದಲ್ಲಿ ನಿಂತ.

ಹೆಂಡತಿ ಎದ್ದು ನಿಂತಳು. "ಅಯ್ಯೋ, ಅದು ನಮ್ಮ ಹಿತ್ತಲು ಅಲ್ವೇನ್ರೀ?"

"ಕಾನೂನು ಪ್ರಕಾರ..." ಎನ್ನುತ್ತ ಬೆರಳು ಹಿಂದಕ್ಕೆಳೆದುಕೊಂಡ. ನಾಚಿಕೆಯಿಂದ ಕುಗ್ಗಿಹೋದ. ಮರುದಿನ ಹೆಂಡತಿ ಕೊಡ ಹೊತ್ತು, ಗಂಡ ಚಪ್ಪಾಳೆ ತಟ್ಟಿ ಹೊರಗಟ್ಟಿಸಿದ ಜೇನು ಕೀಳುವವರ ಹಿಂದೆ ನಲ್ಲಿಯ ಸಾಲಿನಲ್ಲಿ ನಿಂತದ್ದನ್ನು ನೋಡಿದ. ಸೀದಾ ಗುಡ್ಡ ಹತ್ತಿ, ಗಡಿಕಲ್ಲಿನ ಪಾಚಿ ಒರೆಸಿ, ಸೊಂಟದ ಕತ್ತಿ ಇಟ್ಟ. ಯಾರೂ ಹೇಳಿರಲಿಲ್ಲ. ಒರತೆ ಮರಳಿತೇ ಎಂದು ಕೇಳುತ್ತೀರಾ? ಇನ್ನೂ ಇಲ್ಲ. ನೆಲ ಸ್ವಲ್ಪ ಒದ್ದೆಯಾಗಿದೆಯಂತೆ.

ನೋಡಿ, ದೇವರ ನಿಯಮ ಬಂತು, ದೊರೆಯ ನಿಯಮ ಬಂತು, ಬೇಲಿ ಬಂತು, ಸಮಿತಿ ಬಂತು, ಆಕಾಶದ ಕಣ್ಣೂ ಬಂತು. ಎಲ್ಲ ಬೇಕು, ಬೇಡವೆನ್ನುವುದಿಲ್ಲ. ಆದರೆ ನಾವೆಲ್ಲ ನಿಯಮ ಪಕ್ಕದ ಮನೆಯವನಿಗೆ ಎಂದುಕೊಂಡವರು. ಇವತ್ತಿನಿಂದ ಒಂದು ಕೆಲಸ ಮಾಡಿ. ಮನೆಗೆ ಬಾಗಿಲು ತರುವಾಗ, ಮಂಚ ತರುವಾಗ, 'ಬೆಲೆ ಎಷ್ಟು' ಎಂಬುದಕ್ಕೂ ಮೊದಲು 'ಯಾವ ಕಾಡಿನದು' ಎಂದು ಕೇಳಿ. ಉತ್ತರ ಸಿಗದಿದ್ದರೆ ಬಿಟ್ಟು ಬನ್ನಿ. ಗ್ರಾಮಸಭೆಯಲ್ಲಿ ಕಾಡಿನ ಮಾತು ಬಂದಾಗ ಎದ್ದು ಮನೆಗೆ ಹೋಗಬೇಡಿ, ಕೂತು ಕೇಳಿ, ಬಾಯಿ ಬಿಟ್ಟು ಮಾತಾಡಿ.

ಅಂದ ಹಾಗೆ, ಈ ಪೀಠ ಬಹಳ ಚೆನ್ನಾಗಿದೆ. ಒಂದೇ ಮರದ್ದು. ಯಾವ ಕಾಡಿನದು?

ಯಾಕೆ, ಯಾರೂ ಮಾತಾಡುತ್ತಿಲ್ಲ? ಸರಿ, ನಾನು ಕೆಳಗಿಳಿಯುತ್ತೇನೆ. ಯಾರಾದರೂ ಒಂದು ಚಾಪೆ ತನ್ನಿ.