ಉಸಿರು ಮಂಡಳಿಗೆ ಸೇರಿದವರು

ಅಧ್ಯಕ್ಷತೆ ವಹಿಸಿರುವ ಹೆಡ್ಮಾಸ್ಟರ್ ಉಜ್ಜಿನಪ್ಪನವರೇ, ಕೈಮಗ್ಗದ ಇಲಾಖೆಯಿಂದ ಈ ಬಿಸಿಲಲ್ಲಿ ಕಲ್ಯಾಣದುರ್ಗದವರೆಗೆ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ಈ ದಿನ ನಿವೃತ್ತರಾಗಿ ಹಾರದ ಭಾರಕ್ಕೆ ಕತ್ತು ಬಗ್ಗಿಸಿ ಕೂತಿರುವ ನಮ್ಮ ಕೇಶವಯ್ಯ ಮೇಷ್ಟ್ರೇ, ಉಪಾಧ್ಯಾಯ ವೃಂದದವರೇ, ಮುಂಚೆಯೇ ಬಂದು ಫ್ಯಾನಿನ ಕೆಳಗೆ ಜಾಗ ಹಿಡಿದಿರುವ ಜಾಣರೇ, ಮತ್ತು ಉಳಿದ ಸಭಿಕರೇ,

ನನ್ನ ಹೆಸರು ಜಯರಾಮಪ್ಪ. ಈಗ ಹಿಂದೂಪುರದಲ್ಲಿ ಪವರ್‌ಲೂಮ್ ಇಟ್ಟುಕೊಂಡಿದ್ದೇನೆ. ಹುಟ್ಟಿದ್ದು ಇದೇ ಊರಿನ ಮಗ್ಗದ ಬೀದಿಯಲ್ಲಿ. ಓದಿದ್ದು ಏಳನೇ ಕ್ಲಾಸು, ಅದೂ ಏಳರಲ್ಲಿ ಎರಡು ಸಲ. ಮೇಷ್ಟ್ರ ವಿದ್ಯಾರ್ಥಿ ನಾನಲ್ಲ. ಹಾಗಾದರೆ ಈ ಮನುಷ್ಯ ಯಾಕೆ ಮಾತಾಡುತ್ತಿದ್ದಾನೆ? ಈ ಪ್ರಶ್ನೆಯನ್ನು ಹೆಡ್ಮಾಸ್ಟರೂ ಕೇಳಿದರು. ಮೇಷ್ಟ್ರೇ ಹೇಳಿ ಹಾಕಿಸಿದ ಹೆಸರು ಎಂದು ತಿಳಿದ ಮೇಲೆ ಹತ್ತು ನಿಮಿಷ ಕೊಟ್ಟಿದ್ದಾರೆ.

ನನಗಿಂತ ಮೊದಲು ಮಾತಾಡಿದವರೆಲ್ಲ ಮೇಷ್ಟ್ರ ಗಣಿತ, ಮೇಷ್ಟ್ರ ವಿಜ್ಞಾನ, ಮೇಷ್ಟ್ರ ಶಿಸ್ತು ಎಂದರು. ಎಲ್ಲಾ ಸರಿ. ಆದರೆ ಮೇಷ್ಟ್ರು ಒಂದು ಆಟ ಕಟ್ಟಿದ್ದಾರೆಂದು ಯಾರೂ ಹೇಳಲಿಲ್ಲ. ಹದಿನೇಳು ವರ್ಷದಿಂದ ಆ ಆಟ ಆಡುತ್ತಿದ್ದೇನೆ. ಅದರ ಬಗ್ಗೆ ಹೇಳಿ ಕೂತುಬಿಡುತ್ತೇನೆ.

ಸ್ಕೈಲ್ಯಾಬ್ ಬೀಳುತ್ತದೆಂದು ಊರೆಲ್ಲ ಹೆದರಿದ ವರ್ಷ ಹಿರಿಯರಿಗೆ ನೆನಪಿರಬೇಕು. ಎಪ್ಪತ್ತೊಂಬತ್ತು. ಕಂಬದೂರಿನ ನಮ್ಮ ಗೆಳೆಯ ಆಂಜನಪ್ಪನ ಅಪ್ಪ, ಕುರಿ ಮೇಯಿಸುವವರು, ‘ಎಂಗೂ ಸಾಯ್ತೀವಿ, ತಿಂದ್ಬುಟ್ಟೇ ಸಾಯಾನ’ ಅಂತ ಒಂದೇ ವಾರದಲ್ಲಿ ಮೂರು ಟಗರು ಕಡಿದರು. ಸ್ಕೈಲ್ಯಾಬ್ ಎಲ್ಲೋ ದೂರದ ಸಮುದ್ರಕ್ಕೆ ಬಿತ್ತು. ಟಗರು ವಾಪಸ್ ಬರಲಿಲ್ಲ. ಆಗ ತಾನೇ ಊರಿಗೆ ವರ್ಗವಾಗಿ ಬಂದಿದ್ದ ಈ ಮೇಷ್ಟ್ರು, ಜನಕ್ಕೆ ಆಕಾಶದ ಭಯ ಬಿಡಿಸಬೇಕೆಂದು ಒಂದು ಅಮಾವಾಸ್ಯೆಯ ದಿನ ಬಳಪ ಹಿಡಿದು ನಮ್ಮ ಬೀದಿಗೆ ಬಂದರು.

ಅಮಾವಾಸ್ಯೆಯೇ ಯಾಕೆ? ನಮ್ಮಲ್ಲಿ ಅಮಾವಾಸ್ಯೆಯ ದಿನ ಯಾವ ನೇಕಾರನೂ ಮಗ್ಗ ಮುಟ್ಟುವುದಿಲ್ಲ. ತಿಂಗಳಿಗೆ ಆ ಒಂದು ದಿನ ಬೀದಿಯಲ್ಲಿ ಸದ್ದಿರುವುದಿಲ್ಲ, ಜಗಲಿ ತುಂಬಾ ಜನ ಇರುತ್ತಾರೆ.

ಆದಿಲಕ್ಷ್ಮಕ್ಕನ ಜಗಲಿ ಮೇಲೆ ಮೇಷ್ಟ್ರು ಮಂಗಳ ಗ್ರಹ ಬರೆದರು. ಆದಿಲಕ್ಷ್ಮಕ್ಕ ಗಂಡ ತೀರಿಕೊಂಡ ಮೇಲೆ ಒಬ್ಬಳೇ ಗುಣಿ ಮಗ್ಗ, ಅಂದರೆ ನೆಲದ ಗುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ, ನಡೆಸುತ್ತಿದ್ದವಳು. ಅವಳು ನೇಯ್ದ ಅಂಚು ನೋಡಿದರೆ ಸಾಕು, ಇಂಥವಳದ್ದು ಎಂದು ಹೇಳಿಬಿಡಬಹುದಿತ್ತು. ಆಕಾಶದ ಹಡಗಿಗೆ ಏನು ಮಾಡೋಣ ಎಂದು ಮೇಷ್ಟ್ರು ಹುಡುಕಿದಾಗ ಅವಳೇ ನಾಲ್ಕು ಹಳೇ ಲಾಳಿ ತಂದಿಟ್ಟಳು. ‘ತಗಳಿ ಮೇಷ್ಟ್ರೇ, ಇವು ದಿನಾ ಅತ್ಲಿಂದಿತ್ತ ಹಾರಾಡ್ತಾವೆ. ಮಂಗಳುಕ್ಕೂ ಹೋಗ್ಲಿ.’

ಆಟ ಸರಳ. ಕವಡೆ ಬಿದ್ದಷ್ಟು ಲಾಳಿ ನಡೆಸಿ, ಮಂಗಳದ ಆಚೆ ತುದಿ ಮೊದಲು ಮುಟ್ಟಿದವರು ಗೆದ್ದರು. ಮಂಗಳದಲ್ಲಿ ಹತ್ತು ಮನೆ. ಮನೆಯೊಳಗೆ ಹುಣಸೆ ಬೀಜದ ಜನ. ಅಲ್ಲಿ ಗಾಳಿಯಿಲ್ಲ, ಒಂದೇ ತೊಟ್ಟಿಯಿಂದ ಎಲ್ಲಾ ಮನೆಗೂ ಗಾಳಿಯ ಕೊಳಾಯಿ. ಆ ಕೊಳಾಯಿಯ ತಿರುಪು ಇರುವುದು ‘ಉಸಿರು ಮಂಡಳಿ’ ಎಂಬ ಸಂಸ್ಥೆಯ ಕೈಯಲ್ಲಿ. ಕವಡೆ ಹಾಕಿದಾಗ ಎಲ್ಲವೂ ಬೋರಲು ಬಿದ್ದರೆ ಗಾಳಿಗೆ ಬರ. ಆಗ ಮಂಡಳಿಯವನು ಒಂದು ಮನೆಯ ಕೊಳಾಯಿ ಮುಚ್ಚಲೇಬೇಕು. ಆ ಮನೆಯ ಬೀಜಗಳು ಆಟದಿಂದ ಹೊರಗೆ. ಮಂಡಳಿಗೆ ಸೇರಿದವರಿಗೆ ಲಾಳಿಗೆ ಕಟ್ಟಲು ಕೆಂಪು ನೂಲು, ಪ್ರತಿ ಸಲ ಎರಡು ನಡೆ ಹೆಚ್ಚು. ಸೇರದವನು ಬಂಡೆ ಕೊರೆದು ತನ್ನ ಗಾಳಿ ತಾನೇ ತೆಗೆಯಬಹುದು. ನಿಧಾನ, ಆದರೆ ಯಾರ ಹಂಗೂ ಇಲ್ಲ.

ಮೇಷ್ಟ್ರ ಲೆಕ್ಕ ಏನೆಂದರೆ, ಮಾನವಂತರೆಲ್ಲ ಬಂಡೆ ಕೊರೆಯುತ್ತಾರೆ, ಮಂಡಳಿಯನ್ನು ಸೋಲಿಸುತ್ತಾರೆ. ಮೂರನೇ ಅಮಾವಾಸ್ಯೆಯ ಹೊತ್ತಿಗೆ ಏನಾಯಿತು ಗೊತ್ತೇ? ನಾವು ಮೂವರೂ, ಆಂಜನಪ್ಪ, ಆದಿಲಕ್ಷ್ಮಕ್ಕ, ನಾನು, ಮಂಡಳಿಯಲ್ಲಿದ್ದೆವು. ಬಂಡೆ ಹಾಗೇ ಇತ್ತು.

ಮೇಷ್ಟ್ರಿಗೆ ಬೇಜಾರಾಯಿತು. ‘ಅಲ್ರೀ, ಜನರ ಉಸಿರು ಕಟ್ಟೋ ಸಂಸ್ಥೆ ಅದು. ನೀವು ಇಷ್ಟು ಒಳ್ಳೆಯವರು, ಯಾಕೆ ಸೇರ್ತೀರಿ?’

ಆಂಜನಪ್ಪ ಹೇಳಿದ: ‘ಅವ್ರು ಕರೆದ್ರು ಕಣಪ್ಪ, ಹೋದೆ. ಬಂಡೆ ನನ್ನ ಕರೀಲಿಲ್ಲ.’

ಆದಿಲಕ್ಷ್ಮಕ್ಕ ಹೇಳಿದಳು: ‘ತಿರುಪು ಯಾರ್ದಾದ್ರೂ ಕೈಲಿ ಇರ್ಬೇಕಲ್ಲ ಮೇಷ್ಟ್ರೇ. ಕರುಣೆ ಇಲ್ಲದೋರ ಕೈಲಿ ಇರೋದ್ಕಿಂತ ನನ್ನ ಕೈಲಿರ್ಲಿ.’ ಮಾತು ಎಷ್ಟು ಚೆನ್ನಾಗಿದೆ! ಆದರೆ ಬರ ಬಿದ್ದಾಗ ಅವಳೂ ಮುಚ್ಚುತ್ತಿದ್ದಳು. ‘ಪಾಪ, ಈ ಮನೇಲಿ ಇಬ್ರೇ ಇದಾರೆ’ ಎಂದು ಹೇಳಿ, ಸೆರಗಿನಿಂದ ಕಣ್ಣೊರೆಸುವ ನಾಟಕ ಮಾಡಿ, ಮುಚ್ಚುತ್ತಿದ್ದಳು.

ನಾನು ಹೇಳಿದ್ದು: ‘ಸರದಿ ಪ್ರಕಾರ ಮುಚ್ಚಿದರೆ ಯಾರಿಗೂ ಅನ್ಯಾಯ ಆಗಲ್ಲ. ಪಟ್ಟಿ ನಾನು ಬರೀತೀನಿ.’ ನಿಜವಾದ ಕಾರಣ ಆ ಎರಡು ಹೆಚ್ಚಿನ ನಡೆ. ಆದರೆ ಸಭಿಕರೇ, ಪಟ್ಟಿ ಬರೆಯುವವನಿಗೆ ತಾನು ಮುಚ್ಚುತ್ತಿದ್ದೇನೆ ಎಂದು ಅನ್ನಿಸುವುದೇ ಇಲ್ಲ. ಪಟ್ಟಿ ಮುಚ್ಚುತ್ತದೆ, ನಾನು ಓದಿ ಹೇಳುತ್ತೇನೆ, ಅಷ್ಟೇ.

‘ನಾನೇ ಆಡಿ ತೋರಿಸ್ತೀನಿ’ ಎಂದು ಮೇಷ್ಟ್ರು ಒಂದು ಸಲ ನಾಲ್ಕನೇ ಲಾಳಿ ಹಿಡಿದು ಕೂತರು. ಮೂರು ಸುತ್ತು ಬಂಡೆ ಕೊರೆದರು. ನಾಲ್ಕನೇ ಸುತ್ತಿಗೆ ಮೆಲ್ಲಗೆ ಕೆಂಪು ನೂಲಿಗೆ ಕೈ ಚಾಚಿದರು! ನಾವು ಬಿದ್ದು ಬಿದ್ದು ನಕ್ಕೆವು. ಮೇಷ್ಟ್ರು ಮಾತ್ರ ಗಂಭೀರವಾಗಿ ಹೇಳಿದರು: ‘ನೀವು ಮೂವರೂ ಅಲ್ಲಿದ್ರಿ. ಒಬ್ಬನೇ ಇಲ್ಲಿ ಏನ್ ಮಾಡ್ಲಿ?’ ನಗಬೇಡಿ ಮೇಷ್ಟ್ರೇ, ನಿಮ್ಮ ಪಾಠಗಳಲ್ಲಿ ನನಗೆ ಉಳಿದದ್ದು ಅದೊಂದೇ. ಕೆಟ್ಟ ಸಂಸ್ಥೆಗೆ ಜನ ಸೇರುವುದು ಕೆಟ್ಟತನದಿಂದಲೇ ಎಂದುಕೊಂಡಿದ್ದೆ. ನಮ್ಮವರು ಅಲ್ಲಿದ್ದಾರೆ ಎಂದೂ ಸೇರುತ್ತಾರೆ.

ಈಗ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಹೆಡ್ಮಾಸ್ಟರು ಗಡಿಯಾರ ನೋಡಬಾರದು.

ಎಂಬತ್ತನಾಲ್ಕರಲ್ಲಿ ಹಿಂದೂಪುರದ ಒಬ್ಬ ನೂಲಿನ ವ್ಯಾಪಾರಿ ಈ ಊರಿನಲ್ಲಿ ಕೈಮಗ್ಗದ ಸಂಘ ಮಾಡಿದರು. ಈಗ ಅವರಿಲ್ಲ, ಹೆಸರು ಬೇಡ. ನೋಡಲು ದೇವರಂಥ ಮನುಷ್ಯ. ನನ್ನನ್ನು ‘ಜಯರಾಮಪ್ಪನವರೇ’ ಎಂದು ಕರೆದ ಮೊದಲನೆಯವರು. ನನ್ನನ್ನು ಕಾರ್ಯದರ್ಶಿ ಮಾಡಿದರು. ಒಂದು ಕುರ್ಚಿ, ಒಂದು ದುಂಡು ಸೀಲು. ಸಂಘಕ್ಕೆ ಮೂವತ್ತು ಮಗ್ಗ ತೋರಿಸಬೇಕು. ಸೇರಿದ್ದು ಹನ್ನೊಂದು. ಉಳಿದ ಹತ್ತೊಂಬತ್ತು ಹೆಸರನ್ನು ಪುಸ್ತಕದಲ್ಲಿ ನಾನು ಬರೆದೆ. ಮೂವತ್ತು ಮಗ್ಗಕ್ಕೆಂದು ಸರ್ಕಾರ ಕೊಟ್ಟ ಅಗ್ಗದ ನೂಲು ಹಿಂದೂಪುರದ ಪವರ್‌ಲೂಮಿಗೆ ಹೋಯಿತು.

ಹತ್ತೊಂಬತ್ತು ಹೆಸರು ಎಲ್ಲಿಂದ ತರಲಿ? ಇಲ್ಲದ ಜನರನ್ನು ಹುಟ್ಟಿಸಲು ಕೈ ಬರಲಿಲ್ಲ. ಗೊತ್ತಿದ್ದವರನ್ನು, ಬೇಕಾದವರನ್ನು ನೆನೆಸಿಕೊಂಡು ಬರೆದೆ. ಹದಿನೇಳನೇ ನಂಬರಿಗೆ ಆದಿಲಕ್ಷ್ಮಿ ಎಂದು ಬರೆದೆ. ಅವಳನ್ನು ಕೇಳಲಿಲ್ಲ. ಅವಳಿಗೆ ರುಜು ಮಾಡಲು ಬರುತ್ತದೆ. ಪುಸ್ತಕದಲ್ಲಿ ನಾನೇ ನನ್ನ ಹೆಬ್ಬೆಟ್ಟು ಒತ್ತಿದೆ.

ಮಾರನೇ ವರ್ಷ ಮಗ್ಗ ಎಣಿಸಲು ಅಧಿಕಾರಿ ಬರುತ್ತಾರೆಂದು ಕಾಗದ ಬಂತು. ಕೊಟ್ಟ ದಿನ ಅಮಾವಾಸ್ಯೆ! ನಮ್ಮ ಹನ್ನೊಂದು ನೇಕಾರರೇ ‘ಪ್ರಾಣ ಹೋದ್ರೂ ಅವತ್ತು ಮಗ್ಗ ಮುಟ್ಟಲ್ಲ’ ಅಂದರು. ದಿನ ಬದಲಾಯಿಸಿ ಎಂದು ಬರೆಯಬಹುದಿತ್ತು. ಅಧಿಕಾರಿ ಆಂಧ್ರದ ಕರಾವಳಿ ಕಡೆಯ ತೆಲುಗಿನವರು, ಅವರಿಗೇನು ತಿಳಿಯುತ್ತದೆ ಎಂದುಕೊಂಡೆ. ಆಂಜನಪ್ಪನಿಗೆ ಹೇಳಿ ಕಂಬದೂರಿನಿಂದ ಅವನ ಬಳಗದವರನ್ನು ಕರೆಸಿ, ಬೀದಿಯಲ್ಲಿ ಖಾಲಿಯಿದ್ದ ಗುಣಿಗಳಲ್ಲೆಲ್ಲ ಕೂರಿಸಿದೆ. ಕುರಿ ಕಾಯುವವರು ಮಗ್ಗದಲ್ಲಿ ಕೂತರೆ ಹೇಗಿರುತ್ತದೆ? ಒಬ್ಬ ಲಾಳಿ ಎಸೆದಾಗಲೆಲ್ಲ ‘ಹೋ... ಹೋ’ ಎನ್ನುತ್ತಿದ್ದ.

ಹದಿನೇಳನೇ ಮಗ್ಗದಲ್ಲಿ ಕೂತಿದ್ದವಳು ಆಂಜನಪ್ಪನ ತಂಗಿ ಪೋಲಮ್ಮ. ಕಾಲು ಎಲ್ಲಿಡಬೇಕೋ ತಿಳಿಯದೆ ಮಡಚಿಕೊಂಡು ಕೂತಿದ್ದಳು. ಅಧಿಕಾರಿ ನಿಂತು, ‘ಈಮೆ ಪೇರು?’ ಎಂದು ಕೇಳಿದರು. ‘ಆದಿಲಕ್ಷ್ಮಿ ಸಾರ್’ ಎಂದೆ. ಎಂದು ತಿರುಗಿದರೆ ಬಾಗಿಲಲ್ಲಿ ನಿಜವಾದ ಆದಿಲಕ್ಷ್ಮಿ ನಿಂತಿದ್ದಾಳೆ, ಕೈಯಲ್ಲಿ ಮಜ್ಜಿಗೆಯ ಚೊಂಬು. ಬೆಳಗಿನಿಂದ ಬಾಯಾರಿ ಕೂತವರಿಗೆಂದು ತಂದಿದ್ದಳು.

ಅವಳು ಬಾಯಿ ಬಿಟ್ಟರೆ ಆ ಕ್ಷಣಕ್ಕೆ ನಾನು ಮುಗಿದೆ. ಅವಳು ನನ್ನನ್ನೊಮ್ಮೆ ನೋಡಿದಳು. ಒಳಗೆ ಬಂದು ಪೋಲಮ್ಮನ ಕೈಗೆ ಚೊಂಬು ಕೊಟ್ಟಳು. ‘ತಗಳಮ್ಮ ಆದಿಲಕ್ಷ್ಮಿ, ಕುಡಿ. ಬಿಸಿಲಾಗೆ ಬಂದಿದೀಯ’ ಅಂದಳು.

ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು, ‘ಈ ರೋಜು ಅಮಾವಾಸ್ಯ ಕದಂಡಿ? ಮಗ್ಗಾಲು ಆಡ್ತುನ್ನಾಯೇ?’ ಎಂದರು. ಅಮಾವಾಸ್ಯೆಯ ದಿನ ಮಗ್ಗ ಆಡುತ್ತಿವೆಯಲ್ಲ ಎಂಬ ಪ್ರಶ್ನೆ. ಮತ್ತೆ ಅವರೇ ‘ನೇನೂ ಚೇನೇತ ಇಂಟಿವಾಡ್ನೇ’ ಎಂದರು. ನಾನೂ ನೇಕಾರರ ಮನೆಯವನೇ ಎಂದು. ಆಮೇಲೆ ವ್ಯಾಪಾರಿಯವರು ಬಂದರು, ಒಬ್ಬಟ್ಟಿನ ಊಟವಾಯಿತು, ಮೂವತ್ತು ಮಗ್ಗವೂ ತೃಪ್ತಿಕರ ಎಂದು ಬರೆದು ರುಜು ಹಾಕಿದರು. ಆ ಮನುಷ್ಯನೂ ಒಳ್ಳೆಯವರೇ. ಬಸ್ಸು ಹತ್ತುವಾಗ ನನ್ನ ಮುಖ ನೋಡಲಿಲ್ಲ.

ಮೂವತ್ತು ಮಗ್ಗಕ್ಕೂ ಸರ್ಕಾರದಿಂದ ಮಗ್ಗದ ಶೆಡ್ಡು ಮಂಜೂರಾದವು. ಅದೇ ಮಳೆಗಾಲದಲ್ಲಿ ಆದಿಲಕ್ಷ್ಮಕ್ಕನ ಮನೆಯ ಸೂರು ಬಿತ್ತು. ಗುಣಿ ತುಂಬಾ ನೀರು. ಶೆಡ್ಡಿಗೆ ಅರ್ಜಿ ಹಾಕಿದಳು. ‘ಈ ಹೆಸರಿಗೆ ಈಗಾಗಲೇ ಕೊಟ್ಟಿದೆ’ ಎಂದು ಉತ್ತರ ಬಂತು. ಕಾಗದ ಹಿಡಿದು ನನ್ನ ಕುರ್ಚಿಯ ಮುಂದೆ ನಿಂತಳು.

‘ಜಯರಾಮಾ, ಹದಿನೇಳ್ನೇ ನಂಬರ್ ಆದಿಲಕ್ಷ್ಮೀನ ಒಂದ್ಸಲ ತೋರ್ಸಪ್ಪ. ಅವ್ಳ ಸೂರು ಸೋರಲ್ವಂತೆ. ನೋಡ್ಕಂಡ್ ಬತ್ತೀನಿ.’

ಪುಸ್ತಕದ ಆ ಹೆಸರಿನ ಮೇಲೆ ಒಂದು ಗೆರೆ ಹೊಡೆದರೆ ಮುಗಿಯುತ್ತಿತ್ತು. ಹೊಡೆದರೆ ಪುಸ್ತಕವೇ ಸುಳ್ಳೆಂದು ಬರೆದುಕೊಟ್ಟ ಹಾಗೆ. ‘ನೋಡಾಣ ಅಕ್ಕ’ ಎಂದೆ.

ಮುಂದಿನ ಅಮಾವಾಸ್ಯೆಗೆ ಅವಳು ಆಟಕ್ಕೆ ಬಂದಳು. ಬರುವುದಿಲ್ಲ ಎಂದುಕೊಂಡಿದ್ದೆ. ಕೂತವಳು ಲಾಳಿಯಿಂದ ಕೆಂಪು ನೂಲು ಬಿಚ್ಚಿ ನೆಲದ ಮೇಲಿಟ್ಟು, ‘ಮೇಷ್ಟ್ರೇ, ಇದ್ರಾಗಿಂದ ಈಚೆಗ್ ಬರಾದು ಎಂಗೆ?’ ಎಂದಳು.

ಮೇಷ್ಟ್ರು ಕಕ್ಕಾಬಿಕ್ಕಿಯಾದರು. ಸೇರುವುದಕ್ಕೆ ನಿಯಮವಿತ್ತು, ಬಿಡುವುದಕ್ಕೆ ಇರಲಿಲ್ಲ. ‘ನೀವು ಸೇರ್ತೀರಿ ಅಂತಲೇ ನಾನು ಅಂದ್ಕೊಂಡಿರಲಿಲ್ಲಮ್ಮ’ ಎಂದರು. ಆಮೇಲೆ ಬಳಪ ಎತ್ತಿಕೊಂಡು ಹೊಸ ನಿಯಮ ಹೇಳಿದರು: ‘ನಾನು ಯಾರ ಮನೆ ಮುಚ್ಚಿದೆ ಅಂತ ಎಲ್ಲರ ಮುಂದೆ ಹೇಳಬೇಕು. ಹೇಳಿ, ಕೊಳಾಯಿ ತೆರೀಬೇಕು. ಅಷ್ಟೇ.’ ಅವಳು ಒಂದೊಂದೇ ಮನೆಯ ಹೆಸರು ಹೇಳುತ್ತಾ ತೆರೆದಳು. ಬಂಡೆಯ ಹತ್ತಿರ ಹೋಗಿ ಕೂತಳು. ಆ ದಿನ ಆಟದಲ್ಲಿ ಸೋತಳು.

ಮೇಷ್ಟ್ರಿಗೆ ಹದಿನೇಳನೇ ನಂಬರಿನ ವಿಷಯ ಗೊತ್ತಿತ್ತೇ? ಊರಿಗೆಲ್ಲ ಗೊತ್ತಿತ್ತು. ನಾನು ಹಿಂದೂಪುರಕ್ಕೆ ಹೋದೆ, ಅದೇ ಸಂಘದ ನೂಲಿನಿಂದ ನನ್ನ ಮೊದಲ ನಾಲ್ಕು ಪವರ್‌ಲೂಮ್ ನಡೆದವು. ಆದರೂ ಪ್ರತಿ ಅಮಾವಾಸ್ಯೆ ಬೆಳಗಿನ ಬಸ್ಸಿಗೆ ಇಲ್ಲಿಗೆ ಬರುತ್ತಿದ್ದೆ. ಆಟ ಮುಗಿದಾಗಲೆಲ್ಲ ಮೇಷ್ಟ್ರು ಕವಡೆ ಗಂಟು ಕಟ್ಟುತ್ತಾ ಒಂದೇ ಮಾತು ಕೇಳುತ್ತಿದ್ದರು: ‘ಏನಪ್ಪ ಜಯರಾಮ, ಹೇಳೋದು ಏನಾದರೂ ಇದೆಯೇ?’ ‘ಇಲ್ಲ ಮೇಷ್ಟ್ರೇ’ ಎನ್ನುತ್ತಿದ್ದೆ. ‘ಸರಿ, ಮುಂದಿನ ಅಮಾವಾಸ್ಯೆಗೆ ಬಾ’ ಎನ್ನುತ್ತಿದ್ದರು. ಹನ್ನೊಂದು ವರ್ಷ ಸಭಿಕರೇ. ಬೈದಿದ್ದರೆ ಜಗಳವಾಡಿ ಬರುವುದನ್ನೇ ಬಿಟ್ಟುಬಿಡುತ್ತಿದ್ದೆ. ಬೈಯಲಿಲ್ಲ. ಪ್ರತಿ ಸಲ ಚಾಪೆ ಹಾಸಿದರು. ಇಂಥ ಮನುಷ್ಯನಿಗೆ ಹಾರ ಹಾಕಿ ಕಳಿಸಿದರೆ ಸಾಲುತ್ತದೆಯೇ?

ಆದಿಲಕ್ಷ್ಮಕ್ಕ ಗುಣಿಗೆ ಟಾರ್ಪಾಲು ಕಟ್ಟಿಕೊಂಡು ಐದು ವರ್ಷ ನೇಯ್ದಳು. ಒದ್ದೆಯಲ್ಲಿ ಕಾಲಿಟ್ಟು ಮಂಡಿ ಹೋಯಿತು. ಈಗ ಕೂಲಿಗೆ ಬೇರೆಯವರ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಾಳೆ. ಹೋದ ವರ್ಷ ನೇಕಾರರ ವೃದ್ಧಾಪ್ಯದ ಪಿಂಚಣಿಗೆ ಅರ್ಜಿ ಹಾಕಿದರೆ, ಪುಸ್ತಕದ ಆದಿಲಕ್ಷ್ಮಿಗೆ ಹೆಬ್ಬೆಟ್ಟು, ನೀನು ರುಜು ಮಾಡುತ್ತೀಯ, ನೀನೇ ಸುಳ್ಳು ಎಂದು ವಾಪಸ್ ಕಳಿಸಿದ್ದಾರೆ.

ನಿನ್ನೆ ಅವಳ ಮನೆಗೆ ಹೋಗಿದ್ದೆ. ಸಭೆಯಲ್ಲಿ ಹೇಳುತ್ತೇನೆ ಅಕ್ಕ ಎಂದೆ. ಸುತ್ತುತ್ತಿದ್ದ ರಾಟೆ ನಿಲ್ಲಿಸಲಿಲ್ಲ. ‘ಹೇಳು. ಗಟ್ಟಿಯಾಗ್ ಹೇಳು, ಮಗ್ಗದ ಸದ್ದಿಗೆ ನನ್ ಎಡಗಿವಿ ಹೋಗೈತೆ’ ಎಂದಳು. ಆದ್ದರಿಂದಲೇ ಇಷ್ಟು ಹೊತ್ತು ಮೈಕಿಗೆ ಅಂಟಿಕೊಂಡು ಕಿರುಚುತ್ತಿದ್ದೇನೆ, ಕ್ಷಮಿಸಬೇಕು.

ಮೂರನೇ ಸಾಲಿನಲ್ಲಿ ಕೂತಿರುವ ಆದಿಲಕ್ಷ್ಮಕ್ಕ, ನಾನು ಮುಚ್ಚಿದ ಮನೆ ನಿನ್ನದು. ಹದಿನೇಳನೇ ನಂಬರಿನ ಹೆಬ್ಬೆಟ್ಟು ನನ್ನದು.

ಮುಖ್ಯ ಅತಿಥಿಗಳೇ, ಇದನ್ನೆಲ್ಲ ಬರೆದು, ಉಳಿದ ಹದಿನೆಂಟು ಹೆಸರನ್ನೂ ಸೇರಿಸಿ, ರುಜು ಮಾಡಿ ತಂದಿದ್ದೇನೆ. ಅಂಚೆಗೆ ಹಾಕಬಹುದಿತ್ತು, ಮೇಷ್ಟ್ರ ನಿಯಮ ಹಾಗಿಲ್ಲ. ನೀವು ಶಾಲು ಹೊದಿಸಲು ಬಂದವರು, ನಿಮ್ಮ ಕೈಗೆ ಇಂಥ ಕಾಗದ ಕೊಡುತ್ತಿರುವುದು ಸಭಾ ಮರ್ಯಾದೆ ಅಲ್ಲ. ಆದರೂ ತೆಗೆದುಕೊಳ್ಳಬೇಕು. ನನ್ನ ಮೇಲೆ ಕೇಸು ಹಾಕುವುದಾದರೆ ಹಾಕಿ, ಕರೆದ ದಿನ ಬರುತ್ತೇನೆ. ಆದರೆ ಮೊದಲು ಅವಳ ಪಿಂಚಣಿ, ಆಮೇಲೆ ನನ್ನ ಕೇಸು. ಈ ಸರದಿಯನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ.

ಹತ್ತು ನಿಮಿಷ ಎಂದು ಹೇಳಿ ಅರ್ಧ ಗಂಟೆ ತಿಂದೆ. ಸಹಿಸಿಕೊಂಡ ನಿಮಗೆ, ಮೈಕು ಕಿತ್ತುಕೊಳ್ಳದ ಉಜ್ಜಿನಪ್ಪನವರಿಗೆ, ಹನ್ನೊಂದು ವರ್ಷ ಕಾದ ಮೇಷ್ಟ್ರಿಗೆ ನನ್ನ ವಂದನೆಗಳು. ಆದಿಲಕ್ಷ್ಮಕ್ಕ ಎದ್ದು ನಿಂತಿದ್ದಾಳೆ. ಮಂಡಿ ನೋವಿನವಳು, ಯಾರಾದರೂ ಕೈ ಹಿಡಿಯಿರಿ. ಬೇಡ, ಇರಿ, ನಾನೇ ಇಳಿದು ಬರುತ್ತೇನೆ.

ನಮಸ್ಕಾರ.