ತೊಟ್ಟಿಯ ಪಕ್ಕದ ಮರ

ಈ ಶ್ರದ್ಧಾಂಜಲಿ ಸಭೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅವನ ಮಗಳಿಗೆ, ಅಳಿಯನಿಗೆ, ಆ ಮಗಳನ್ನು ಸಾಕಿ ಬೆಳೆಸಿದ ಅವನ ಅಕ್ಕನಿಗೆ — ನಿಮಗೆ ಬೇರೆಯಾಗಿ ನಮಸ್ಕಾರ. ಹಿಂದೆ ಬಾಗಿಲ ಹತ್ತಿರ ನಿಂತವರು ಒಳಗೆ ಬನ್ನಿ. ಕುರ್ಚಿಗಳು ಖಾಲಿ ಇವೆ. ಬೆಳಿಗ್ಗೆ ನಾನೇ ಜೋಡಿಸಿದ್ದೇನೆ, ಜಾಗ ಇಲ್ಲ ಅಂತ ಸುಳ್ಳು ಹೇಳಬೇಡಿ.

ಸಂಘದ ಕಾರ್ಯದರ್ಶಿಗಳು ನನ್ನ ಕಿವಿಯಲ್ಲಿ ಹೇಳಿದ್ದಾರೆ, "ಮೇಸ್ತ್ರಿ, ಐದೇ ನಿಮಿಷ ಮಾತಾಡಿ, ಯಾರಿಗೂ ಬೈಬೇಡಿ" ಎಂದು. ಪ್ರಯತ್ನ ಮಾಡುತ್ತೇನೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ನನಗೆ ವಾಲ್ವ್ ತಿರುಗಿಸುವುದು ಗೊತ್ತು, ಮಾತು ತಿರುಗಿಸುವುದು ಗೊತ್ತಿಲ್ಲ.

ಕುರ್ಚಿ ಜೋಡಿಸುತ್ತಿದ್ದಾಗ ಅವನ ಮಗಳು ನನ್ನ ಹತ್ತಿರ ಬಂದಳು. ಬಂದು ಒಂದು ಮಾತು ಕೇಳಿದಳು — "ದೊಡ್ಡಪ್ಪ, ಅಪ್ಪ ಯಾವಾಗ್ಲೂ ಹೇಳ್ತಿದ್ರಲ್ಲ, ಆ ಮರ ಎಲ್ಲಿ?" "ಬಂದೆ ಇರಮ್ಮ" ಎಂದು ಇನ್ನೂ ಹತ್ತು ಕುರ್ಚಿ ತರಲು ಹೋದೆ. ಅಷ್ಟು ಕುರ್ಚಿ ಬೇಕಿರಲಿಲ್ಲ. ಅದಕ್ಕೇ ಈಗ ಖಾಲಿ ಇವೆ.

ಆ ಮಾತಿಗೆ ಉತ್ತರ ಕೊಡುವುದಕ್ಕೇ ಇಲ್ಲಿ ನಿಂತಿದ್ದೇನೆ. ಉಳಿದದ್ದನ್ನೆಲ್ಲ ಆಗಲೇ ಬೇರೆಯವರು ಹೇಳಿದ್ದಾರೆ.

ಹೇಳಿದ್ದರಲ್ಲಿ ಒಂದು ಮಾತ್ರ ತಪ್ಪು. ನಮ್ಮ ಇಂಜಿನಿಯರ್ ಸಾಹೇಬರು ಅವನನ್ನು "ಸದಾ ನಗುಮುಖದ ವ್ಯಕ್ತಿ" ಎಂದರು. ಸಾಹೇಬರೇ, ನೀವು ಈ ನೀರಿನ ಘಟಕಕ್ಕೆ ಬಂದು ಎಂಟು ತಿಂಗಳಾಯಿತು. ನೀವು ನೋಡಿದ್ದು ಬೇರೆ ಯಾರನ್ನೋ. ಮೂವತ್ತೊಂದು ವರ್ಷ ಅವನು ನನ್ನ ಕೈಕೆಳಗೆ ಫಿಲ್ಟರ್ ನೋಡಿಕೊಂಡ. ಅವನು ನಕ್ಕದ್ದನ್ನು ಬೆರಳಲ್ಲಿ ಎಣಿಸಬಹುದು. ಅವನು ಒಂಟಿ ಮನುಷ್ಯ. ಅದನ್ನು ಹೇಳಿದರೆ ಅವನಿಗೆ ಅವಮಾನವಿಲ್ಲ. ಒಂಟಿಯಾಗಿದ್ದೂ ಯಾರ ಮೇಲೂ ಸಿಡುಕಲಿಲ್ಲ. ಆ ಕೆಲಸ ನಾನು ಮಾಡುತ್ತಿದ್ದೆ, ಮನೆ ತುಂಬ ಜನ ಇಟ್ಟುಕೊಂಡು.

ಇಪ್ಪತ್ತೆರಡು ವರ್ಷದ ಹಿಂದೆ ಅವನ ಹೆಂಡತಿ ತೀರಿಕೊಂಡಳು. ಈ ಮಗಳಿಗೆ ಆಗ ನಾಲ್ಕು ವರ್ಷ. ಪಾಳಿ ಕೆಲಸದವನು ಮಗು ಹೇಗೆ ಸಾಕುತ್ತಾನೆ? ಅಕ್ಕ ಬಂದು ಕರೆದುಕೊಂಡು ಹೋದರು. ಘಟಕದ ಹಿಂದಿನ ಕ್ವಾರ್ಟರ್ಸಿನಲ್ಲಿ ಅವನೊಬ್ಬನೇ ಉಳಿದ. ಎರಡು ಕೋಣೆ, ಒಂದು ಸ್ಟೌ, ಒಂದು ಕುರ್ಚಿ.

ಆ ಕುರ್ಚಿಯನ್ನು ಹಿತ್ತಲ ಮೆಟ್ಟಿಲ ಮೇಲೆ ಹಾಕಿಕೊಂಡು ಕೂರಲು ಶುರು ಮಾಡಿದ. ಎದುರಿಗೆ ನಮ್ಮ ತಿಳಿನೀರಿನ ತೊಟ್ಟಿ, ತೊಟ್ಟಿಯ ಪಕ್ಕ ಒಂದು ಮರ. ದಿನಾ ನೋಡುವುದು. ನಮಗೆಲ್ಲ, ಇವನಿಗೆ ತಲೆ ಕೆಟ್ಟಿತು ಅನ್ನಿಸಿತು. ಒಂದು ದಿನ ಹೋಗಿ ಕೇಳಿದೆ.

"ಏನಯ್ಯಾ ನೋಡ್ತಿದ್ದೀಯ?"

"ಎಲೆ, ಮೇಸ್ತ್ರಿ."

"ಎಲೆ ಏನ್ ಮಾಡ್ತಿದೆ?"

"ಏನೂ ಮಾಡ್ತಿಲ್ಲ. ಅದಕ್ಕೇ ನೋಡ್ತಿದ್ದೀನಿ."

ನನಗೆ ಸಿಟ್ಟು ಬಂತು. ಹಾಗೇ ತಿರುಗಿ ಬಂದೆ. ಇನ್ನೊಂದು ವರ್ಷ ಬಿಟ್ಟು, ಏನೋ ಜ್ವರ ಬಂದು ಮಲಗಿದ್ದ ಅಂತ ನೋಡಲು ಹೋದಾಗ, ಅವನಾಗಿಯೇ ಹೇಳಿದ — "ಅವಳು ಹೋದ್ಮೇಲೆ ನಂಗೆ ದಿನ ಕದಲ್ತಾನೇ ಇರ್ಲಿಲ್ಲ ಮೇಸ್ತ್ರಿ. ಎಲ್ಲ ಒಂದೇ ದಿನ ಥರ. ಈ ಮರ ನೋಡ್ತಾ ನೋಡ್ತಾ, ಓ, ದಿನ ಹೋಗ್ತಾ ಇದೆ ಅಂತ ಗೊತ್ತಾಯ್ತು. ಈಗ ಸ್ವಲ್ಪ ನಿದ್ದೆ ಬರುತ್ತೆ."

ಆಮೇಲಿಂದ ಅವನು ಹೇಳುವುದು, ನಾವು ತಮಾಷೆ ಮಾಡುವುದು. ಚಳಿ ಮುಗಿಯುವಾಗ ಎಲೆ ಹಳದಿಯಾಗುತ್ತದೆ, ತುದಿಯ ಕೊಂಬೆ ಮೊದಲು. ಹದಿನೈದು ದಿನ ಬೋಳು. ಆಗ ಕೊಂಬೆಗಳ ನಡುವೆ ಹಳೆಯ ಗೂಡುಗಳು ಕಾಣುತ್ತವೆ. ಒಂದು ಬೆಳಿಗ್ಗೆ ತಾಮ್ರದ ಬಣ್ಣದ ಚಿಗುರು. ಬಿಸಿಲು ಏರಿದ ಹಾಗೆ ಹಸಿರು. ಮಳೆಗಾಲಕ್ಕೆ ತೊಗಟೆ ಕಪ್ಪಾಗುತ್ತದೆ, ಅದರ ಮೇಲೆ ಇರುವೆ ಸಾಲು ಮೇಲಕ್ಕೆ ಹೊರಟರೆ ನಾಳೆ ಕೆಸರು ನೀರು ಬರುತ್ತದೆ, ನೀರು ತಿಳಿಯಾಗಲು ಪಟಿಕ ಜಾಸ್ತಿ ಹಾಕಬೇಕು. ಬರುತ್ತಿತ್ತು ಸ್ವಾಮಿ, ಬಹಳ ಸಲ ಬರುತ್ತಿತ್ತು. ನೀವೆಲ್ಲ ಅವನಿಗೆ "ಹವಾಮಾನ" ಎಂದು ಹೆಸರಿಟ್ಟಿರಿ. ನನಗೆ ಏನು ಇಟ್ಟಿದ್ದೀರಿ ಅನ್ನುವುದೂ ಗೊತ್ತು, ನಗಬೇಡಿ.

ಅದು ಯಾವ ಜಾತಿಯ ಮರ ಅಂತ ನನಗೆ ಗೊತ್ತಿರಲಿಲ್ಲ. ಅವನನ್ನು ಕೇಳಿದರೆ "ಹೆಸರು ತಗೊಂಡು ಏನ್ ಮಾಡ್ಲಿ, ಪರಿಚಯ ಇದೆಯಲ್ಲ" ಅಂದ.

ಈಗ ಹೇಳಬೇಕಾದದ್ದು ಹೇಳುತ್ತೇನೆ. — ಸ್ವಲ್ಪ ನೀರು ಕೊಡಿ.

ನಾಲ್ಕು ವರ್ಷದ ಹಿಂದೆ ಈ ಮಗಳ ಮದುವೆ. ಅವನು ಮೂರು ದಿನ ರಜೆ ಹಾಕಿದ. ಮೂವತ್ತೊಂದು ವರ್ಷದಲ್ಲಿ ಅವನು ಒಟ್ಟಿಗೆ ಮೂರು ದಿನ ರಜೆ ಹಾಕಿದ್ದು ಅದೊಂದೇ ಸಲ. ಎಲೆ ಉದುರುವ ಕಾಲ. ಮೂರನೇ ದಿನ ಬೆಳಿಗ್ಗೆ ತೊಟ್ಟಿಯ ಜಾಲರಿ ಎಲೆಯಿಂದ ಮುಚ್ಚಿಹೋಯಿತು. ಫಿಲ್ಟರಿಗೆ ನೀರಿಲ್ಲ. ಅರ್ಧ ಊರಿಗೆ ಮಧ್ಯಾಹ್ನದ ತನಕ ನಲ್ಲಿ ಒಣಗಿತು. ಮೇಲಿನವರು ಫೋನಿನಲ್ಲಿ ನನ್ನನ್ನು ಉಗಿದರು. ನಾನು ಯೋಚನೆ ಮಾಡಿದೆ — ಇಷ್ಟು ವರ್ಷ ಈ ಮರದಿಂದ ತೊಂದರೆ ಇರಲಿಲ್ಲ, ಈಗ ಶುರುವಾಗಿದೆ, ಮರಕ್ಕೆ ವಯಸ್ಸಾಯಿತು, ಇನ್ನು ಪ್ರತಿ ವರ್ಷ ಇದೇ ಗತಿ. ಗರಗಸದವರನ್ನು ಕರೆಸಿದೆ. ಸಂಜೆಯೊಳಗೆ ಮುಗಿಯಿತು. ಮತ್ತೆ ಚಿಗುರದ ಹಾಗೆ ಬುಡಕ್ಕೆ ಡಾಂಬರನ್ನೂ ಸುರಿಸಿದೆ. ನಾನು ಮಾಡುವ ಕೆಲಸ ಅರ್ಧಂಬರ್ಧ ಇರುವುದಿಲ್ಲ.

ಮರುದಿನ ಅವನು ಬಂದ, ಕೈಯಲ್ಲಿ ಸಿಹಿ ಡಬ್ಬ. ತೊಟ್ಟಿಯ ಹತ್ತಿರ ನಿಂತ. ನಾನೇ ಮೊದಲು ಬಾಯಿ ತೆಗೆದೆ, ಜೋರಾಗಿ — "ನೋಡಯ್ಯಾ, ಜಾಲರಿ ಕಟ್ಕೊಂಡಿತ್ತು. ನಾನೇನ್ ಮಾಡ್ಲಿ?"

ಅವನು ಪಂಪ್ ಕೋಣೆಯ ಹಿಂದೆ ಹೋಗಿ ಒಂದು ಉದ್ದನೆಯ ಕೋಲು ತಂದ. ತುದಿಗೆ ಬಲೆ ಕಟ್ಟಿತ್ತು. ಹಳೆಯದು, ಬಲೆಯನ್ನು ಮೂರು ನಾಲ್ಕು ಸಲ ಹೊಲಿದಿದ್ದ.

"ಇದು ಎಲ್ಲಿದೆ ಅಂತ ನಿಮ್ಗೆ ಹೇಳಿ ಹೋಗ್ಬೇಕಿತ್ತು ಮೇಸ್ತ್ರಿ. ತಪ್ಪು ನಂದೇ."

ಇಷ್ಟೇ ಹೇಳಿದ್ದು.

ನಿಮಗೆ ಅರ್ಥವಾಯಿತೇ? ರಾತ್ರಿ ಪಾಳಿಯವರು ಆಮೇಲೆ ಹೇಳಿದರು. ಎಂದೋ ಒಬ್ಬ ಹಳೆಯ ಇಂಜಿನಿಯರ್ ಅವನಿಗೆ "ಎಲೆ ಕಟ್ಟಿಕೊಂಡರೆ ಮರ ಕಡಿಸಿಬಿಡು" ಅಂದಿದ್ದನಂತೆ. ಅಂದಿನಿಂದ ಎಲೆ ಉದುರುವ ಕಾಲದಲ್ಲಿ ಇವನು ಪ್ರತಿ ಬೆಳಿಗ್ಗೆ, ನಾವು ಯಾರೂ ಬರುವ ಮೊದಲು, ತೊಟ್ಟಿಯಿಂದ ಎಲೆ ಎತ್ತಿ ಹಾಕುತ್ತಿದ್ದ. ಹದಿನೆಂಟು ವರ್ಷ. ನಾನು ಮೇಸ್ತ್ರಿ. ನನ್ನ ತೊಟ್ಟಿ. ನನಗೆ ಗೊತ್ತಿರಲಿಲ್ಲ. ತೊಟ್ಟಿ ತನ್ನಷ್ಟಕ್ಕೆ ತಾನೇ ಚೊಕ್ಕಟವಾಗಿರುತ್ತದೆ ಅಂದುಕೊಂಡಿದ್ದೆ.

ಆ ದಿನ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು — "ತಪ್ಪಾಯ್ತು ಕಣಯ್ಯಾ." ಹೇಳಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ಹೇಳದ ಮಾತು ಒಳಗೇ ಉಳಿದರೆ ಮನುಷ್ಯ ಇನ್ನಷ್ಟು ಕೂಗಾಡುತ್ತಾನೆ. ನಾಲ್ಕು ವರ್ಷ ಅವನ ಮೇಲೇ ಹೆಚ್ಚು ಕೂಗಾಡಿದೆ. ಅವನ ಹಿತ್ತಲಿನ ಕಡೆ ಕಾಲಿಡಲಿಲ್ಲ.

ಅವನು ಮಾತ್ರ ಕುರ್ಚಿ ಹಾಕುವುದನ್ನು ಬಿಡಲಿಲ್ಲ. ಮರವಿಲ್ಲ, ಆಚೆ ಕಾಂಪೌಂಡ್ ಗೋಡೆ. ಏನು ನೋಡುತ್ತೀಯ ಎಂದು ಯಾರೋ ಕೇಳಿದ್ದಕ್ಕೆ, "ಗೋಡೆ ಮೇಲೆ ಪಾಚಿ ಇದೆ. ಮಳೆಗೆ ಹಸಿರಾಗುತ್ತೆ, ಬಿಸಿಲಿಗೆ ಕಪ್ಪಾಗುತ್ತೆ. ನಂಗೆ ಸಾಕು" ಅಂದನಂತೆ.

ಹೋದ ವಾರ ಎರಡು ಗಂಟೆಯ ಪಾಳಿಗೆ ಅವನು ಬರಲಿಲ್ಲ. ಕಾಲು ಗಂಟೆ ಕಾದು, ನಾನೇ ಹೋದೆ. ಕುರ್ಚಿಯಲ್ಲಿ ಕೂತಿದ್ದ, ಬೆನ್ನು ನನ್ನ ಕಡೆಗೆ. ಬಾಗಿಲಿಂದಲೇ ಕೂಗಿದೆ — "ಏನಯ್ಯಾ, ನಿನ್ನ ಡ್ಯೂಟಿ ನಿಮ್ಮಪ್ಪ ಬಂದು ಮಾಡ್ತಾನಾ?" ನನ್ನ ಸ್ನೇಹಿತನಿಗೆ ನಾನು ಆಡಿದ ಕೊನೆಯ ಮಾತು ಅದು. ಅವನಿಗೆ ಕೇಳಿಸುವ ಹಾಗಿರಲಿಲ್ಲ.

ಡಾಕ್ಟರು ಬರುವ ತನಕ ಅವನ ಪಕ್ಕ ಮೆಟ್ಟಿಲ ಮೇಲೆ ಕೂತೆ. ಮೊದಲ ಸಲ. ಕಡಿದ ಬುಡದಲ್ಲಿ ಚಿಗುರು ಬಂದಿತ್ತು ಅಂದರೆ ನಿಮಗೆಲ್ಲ ಸಮಾಧಾನವಾಗಬಹುದು. ಬಂದಿಲ್ಲ. ಡಾಂಬರು ಸುರಿಸಿದ್ದೇನೆ ಅಂದೆನಲ್ಲ. ಗೋಡೆ ಇತ್ತು, ಪಾಚಿ ಇತ್ತು. ಬಿಸಿಲು ಒಂದು ಇಟ್ಟಿಗೆಯಿಂದ ಇನ್ನೊಂದು ಇಟ್ಟಿಗೆಗೆ ಹೋಯಿತು. ಅಷ್ಟೇ. ಅಷ್ಟನ್ನು ನೋಡುವಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿದ್ದೆ.

ಮಗಳೇ. ಮರ ಎಲ್ಲಿ ಎಂದು ಕೇಳಿದೆಯಲ್ಲ, ಅದರ ಹಿಂದೆಯೇ ನೀನು ಇನ್ನೊಂದು ಮಾತೂ ಹೇಳಿದೆ — "ಹೋದ ತಿಂಗಳು ಫೋನ್ ಮಾಡಿದಾಗ ಚಿಗುರು ಬಂದಿದೆ ಅಂದ್ರು. ನೋಡಿ ಹೋಗ್ಬೇಕು ದೊಡ್ಡಪ್ಪ." ಮದುವೆಯಾಗಿ ದೂರದ ಊರಿಗೆ ಹೋದವಳು ನೀನು. ನಿನ್ನನ್ನು ನೋಡಲು ಎರಡು ಸಲ ಅವನೇ ಬಂದ, ನಿನ್ನನ್ನು ಇಲ್ಲಿಗೆ ಕರೆಯಲಿಲ್ಲ. ಇಲ್ಲದ ಮರದಿಂದ ನಾಲ್ಕು ವರ್ಷ ಎಲೆ ಉದುರಿಸಿದ, ನಾಲ್ಕು ವರ್ಷ ಚಿಗುರಿಸಿದ, ನಿನ್ನೊಬ್ಬಳಿಗೋಸ್ಕರ. ನಿನ್ನ ಮದುವೆಗೆ ಬಂದದ್ದರಿಂದ ಮರ ಹೋಯಿತು ಅಂತ ನಿನಗೆ ಗೊತ್ತಾಗಬಾರದಿತ್ತು. ನನಗೆ ಹೊಳೆಯುವುದು ಅಷ್ಟೇ.

ನಿನ್ನ ಮದುವೆಯಿಂದ ಹೋಗಲಿಲ್ಲ ತಾಯಿ. ನಾನು ಕಡಿಸಿದೆ. ಕೇಳದೆ ಕಡಿಸಿದೆ. ಅವನಿಗೆ ಹೇಳಬೇಕಾಗಿದ್ದದ್ದನ್ನು ಇಷ್ಟು ಜನರ ಮುಂದೆ ನಿನಗೆ ಹೇಳುತ್ತಿದ್ದೇನೆ — ತಪ್ಪಾಯಿತು. ಆಮೇಲೆ ಬಂದು ನನಗೆ ಎಷ್ಟು ಬೇಕಾದರೂ ಬೈಯಿ. ನಾನು ಎದುರು ಮಾತಾಡುವುದಿಲ್ಲ. ಇಲ್ಲಿರುವವರಿಗೆ ಅದೇ ದೊಡ್ಡ ಆಶ್ಚರ್ಯ.

ಈಗ ಎಲ್ಲರೂ ಏಳಿ. ಮೊಬೈಲು ಒಳಗಿಡಿ. ಎಡಗಡೆಯ ಕಿಟಕಿಗೆ ಮುಖ ಮಾಡಿ ನಿಲ್ಲಿ. ಅಲ್ಲಿಂದ ತೊಟ್ಟಿ ಕಾಣುತ್ತದೆ, ಗೋಡೆ ಕಾಣುತ್ತದೆ, ಇನ್ನೇನೂ ಕಾಣುವುದಿಲ್ಲ. ಅದನ್ನೇ ನೋಡಿ. ಒಂದು ನಿಮಿಷ ಮೌನ ಎಂದು ಈ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಗಡಿಯಾರ ಯಾರೂ ನೋಡಬೇಡಿ, ನಾನೂ ನೋಡುವುದಿಲ್ಲ.

ಅವನ ಮಗಳು ಕೂತಾಗ ನಾವು ಕೂರೋಣ.