ತಾರೀಖಿಲ್ಲದ ರಾಜೀನಾಮೆ

ವಿದ್ಯಾನಗರದ ಬಸ್ ನಿಲ್ದಾಣದಲ್ಲಿ ಕೂತು ಉಡಚವ್ವ ಮೆಂತ್ಯದ ಪಲ್ಲೆ ಸೋಸುತ್ತಿದ್ದಳು. ಸೋಮವಾರದಿಂದ ಅವಳಿಗೆ ಗಿರಣಿಯಲ್ಲಿ ಕೆಲಸ. ಬೆನ್ನ ಹಿಂದೆ ನಿಂತು ಅದೇ ಗಿರಣಿಯ ಲೇಬರ್ ಆಫೀಸರು, ಪುಣೆಯಲ್ಲಿ ಕೋರ್ಸು ಮುಗಿಸಿ ಬಂದ ಹೊಸ ಸಹಾಯಕನಿಗೆ ಪಾಠ ಹೇಳುತ್ತಿದ್ದ.

“ಹೆಣ್ಣಾಳು ಸೇರೂ ದಿನಾನ ರಾಜೀನಾಮೆಕ್ಕ ಹೆಬ್ಬಟ್ಟ ಒತ್ತಿಸ್ಕೊಂಬಿಡು, ಸಿದ್ದಲಿಂಗಪ್ಪ. ತಾರೀಖು ಖಾಲಿ ಇರಲಿ.”

“ಸೇರೂ ದಿನಾನ ರಾಜೀನಾಮೆ ಏನ್ರಿ?”

“ಹೂಂ. ಬಸರಾದ್ಲಂದ್ರ ತಾರೀಖು ತುಂಬೂದು. ಹೆರಿಗಿ ರಜಾದ ತಾಪತ್ರಯನ ಇಲ್ಲ.”

“ಪುಸ್ತಕದಾಗ ಹಿಂಗ ಇಲ್ರಿ.”

“ಪುಸ್ತಕ ಬರದಾಂವ ಗಿರಣಿ ನಡಿಸಿಲ್ಲೋ ತಮ್ಮಾ!”

“ಯಾವಕಿಗರೆ ಓದಾಕ ಬಂದ್ರ?”

“ಈ ಮಂದಿಗೆ? ದನಾ ಓದ್ತಾವೇನು?”

ಇಬ್ಬರೂ ನಕ್ಕರು. ಧಾರವಾಡದ ಬಸ್ಸು ಬಂತು. ಆಫೀಸರು ಉಡಚವ್ವನ ಕಾಲ ಬಳಿಯೇ ಎಲೆಯಡಿಕೆ ಉಗುಳಿ ಹತ್ತಿದ.

ಅವಳು ಮುಖ ಸಿಂಡರಿಸಿ ಕಾಲು ಹಿಂದಕ್ಕೆಳೆದುಕೊಂಡಳು. ಅವಳು ನಾಲ್ಕನೇ ಇಯತ್ತೆ ಓದಿದವಳು. ಗಿರಣಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಕೆಲಸ ಹೋದರೂ ಹೋಗಲಿ, ಸೋಮವಾರ ಆ ಕಾಗದವನ್ನು ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ ಕೇಳುವಂತೆ ಓದಿಬಿಡುವುದೆಂದು ಅವಳು ನಿಶ್ಚಯಿಸಿದಳು.

“ಯಾಕ ಮಾರಿ ಹಿಂಗ ಮಾಡ್ದಿ?” ಎಂದಳು ಪಕ್ಕದಲ್ಲಿ ಕೂತ ನೆರೆಮನೆಯ ಯಂಕವ್ವ.

“ಏನಿಲ್ಲವಾ. ಪಲ್ಲೇದಾಗ ಹುಳ ಇತ್ತು.”